ಹೆಸರಿಲ್ಲದ ಆಲ್ಬಮ್ಮಿನ ಸೇಲ್ಸ್‌ಮ್ಯಾನ್

ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ನೀರಿನ ಪಂಪು ಮಾರುವವರಿಗೇನೂ ಬರವಿಲ್ಲ. ಆದರೆ ಅವರಲ್ಲಿ ಯಾರನ್ನು ಕೇಳಿದರೂ ಲೋಕನಾಥನ ಹೆಸರು ಗೊತ್ತಿರುತ್ತದೆ. ಒಂದು ವಾಷರ್ ಸಾಕೆಂದು ಬಂದವನನ್ನು ಕೂರಿಸಿ, ಸುಲೈಮಾನಿ ಚಹಾ ಕುಡಿಸಿ, ಮನೆ ಮಕ್ಕಳ ಸಮಾಚಾರ ಕೇಳಿ, ಹೊರಡುವ ಹೊತ್ತಿಗೆ ಹೊಸ ಪಂಪನ್ನೇ ಅವನ ಡಿಕ್ಕಿಗೆ ಹಾಕಿಸಿ ಕಳಿಸುವ ಮನುಷ್ಯ ಅವನು. ಹಾಗೆಂದು ಮೋಸಗಾರನಲ್ಲ. ಕೊಂಡು ಹೋದವನು ಮುಂದಿನ ಸಲ ತಮ್ಮನನ್ನೂ ಕರೆದುಕೊಂಡು ಬರುತ್ತಿದ್ದ. ಹೆಜಮಾಡಿಯಿಂದ ಕುವೈತಿಗೆ ಬಂದು ಇಪ್ಪತ್ತು ವರ್ಷ ದಾಟಿದ್ದ ಲೋಕನಾಥನಿಗೆ ಅರಬ್ಬಿಯಲ್ಲಿ ಚೌಕಾಸಿ ಮಾಡುವುದು, ಉರ್ದುವಿನಲ್ಲಿ ನಗಿಸುವುದು, ಮಲಯಾಳದಲ್ಲಿ ಸಿಟ್ಟು ಇಳಿಸುವುದು ಎಲ್ಲವೂ ನೀರು ಕುಡಿದಷ್ಟು ಸುಲಭವಾಗಿತ್ತು.

ಅಂಥವನಿಗೆ ಒಂದೇ ಒಂದು ಸರಕನ್ನು ಮಾತ್ರ ಯಾರಿಗೂ ದಾಟಿಸಲಾಗಲಿಲ್ಲ. ಅದನ್ನು ಅವನು ಬಿಟ್ಟಿಯಾಗಿಯೇ ಕೊಡುತ್ತೇನೆನ್ನುತ್ತಿದ್ದ. ಕೇಳಿದರೆ ಸಾಕೆನ್ನುತ್ತಿದ್ದ. ಆದರೂ ಜನ ಅವನನ್ನು ಕಂಡರೆ ಲಿಫ್ಟಿನ ಬದಲು ಮೆಟ್ಟಿಲು ಹಿಡಿಯುವ ಕಾಲವೊಂದು ಬಂದಿತ್ತು.

ಶುರುವಾದದ್ದು ಗಾಡಿಯಿಂದ. ಹಳೆಯ ಕಾರು ವಫ್ರಾದ ಮರಳುದಾರಿಗಳಲ್ಲಿ ಓಡಾಡಿ ಸೊರಗಿದ್ದರಿಂದ ಲೋಕನಾಥ ಏಳು ಸೀಟಿನ ಒಂದು ಬಿಳಿ ಗಾಡಿಯನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡ. ಮಾರಿದವರು ಸ್ಯಾಮುವೆಲ್ ಮಾಸ್ಟ್ರು. ಉಡುಪಿಯವರು, ಅಬ್ಬಾಸಿಯಾದ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ. ಗಾಡಿಯ ದಫ್ತರ್, ಅಂದರೆ ನೋಂದಣಿ ಪತ್ರ, ಲೋಕನಾಥನ ಹೆಸರಿಗೆ ಆದ ಮೇಲೆ, ಕೀಲಿ ಕೈಗೆ ಕೊಡುತ್ತಾ ಅವರು ಒಂದು ಕ್ಷಣ ತಡೆದರು.

“ಒಂದು ವಿಷಯ ಹೇಳ್ಬೇಕು. ರೇಡಿಯೋ ಹಾಳಾಗಿದೆ. ಪ್ಲೇಯರಿನ ಒಳಗೆ ಒಂದು ಸಿಡಿ ಸಿಕ್ಕಿಕೊಂಡಿದೆ, ಹೊರಗೆ ಬರುದಿಲ್ಲ. ಅದೊಂದು ಹಳೇ... ಹಾಡು ಅಂತ ಹೇಳ್ಲಿಕ್ಕೂ ಆಗುದಿಲ್ಲ. ನೀವು ಸೌಂಡ್ ಬಂದ್ ಮಾಡಿ ಇಡಿ.”

“ಅದಕ್ಕೆಂತ, ನನಗೆ ಹಾಡು ಬೇಕಂತಲೇ ಇಲ್ಲ,” ಎಂದ ಲೋಕನಾಥ.

ಅದು ನಿಜವೂ ಆಗಿತ್ತು. ಹುಡುಗನಾಗಿದ್ದಾಗ ಊರಿನ ಭಜನೆಯಲ್ಲಿ ತಾಳ ಹಾಕಲು ಕೂತಿದ್ದ. ಎರಡು ವಾರ ನೋಡಿದ ಹಿರಿಯರು ತಾಳ ಕಸಿದುಕೊಂಡು, ನೀನು ಪ್ರಸಾದ ಹಂಚು ಎಂದಿದ್ದರು. ಆಮೇಲೆ ಸಂಗೀತದ ಗೋಜಿಗೆ ಅವನು ಹೋದದ್ದೇ ಇಲ್ಲ. ಮನೆಯಲ್ಲಿ ಹೆಂಡತಿ ರಾಜೀವಿ ಅಡುಗೆ ಮಾಡುವಾಗ ಹಾಕಿಕೊಳ್ಳುವ ಹಳೆಯ ಸಿನೆಮಾ ಹಾಡುಗಳೇ ಅವನ ಕಿವಿಗೆ ಬೀಳುತ್ತಿದ್ದ ಸಂಗೀತ.

ವಾರಕ್ಕೊಮ್ಮೆ ಅವನು ವಫ್ರಾಕ್ಕೆ ಹೋಗುತ್ತಿದ್ದ. ಅಲ್ಲಿನ ತೋಟಗಳ ಬೋರುಗಳಿಗೆಲ್ಲ ಇವರ ಕಂಪೆನಿಯದೇ ಪಂಪು. ಹೊಸ ಗಾಡಿಯಲ್ಲಿ ಮೊದಲ ಸಲ ಹೊರಟಾಗ, ಮೀನಾ ಅಬ್ದುಲ್ಲಾ ಎಂಬ ಊರು ದಾಟಿದ ಮೇಲೆ ಬೇಸರವಾಗಿ ಗುಂಡಿ ಒತ್ತಿದ. ಘೂಂ ಎಂಬ ಶಬ್ದ ಶುರುವಾಯಿತು. ಏಸಿಯ ಕಂಪ್ರೆಸರ್ ಕೈಕೊಟ್ಟಿತೆಂದು ಹೆದರಿ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದು ಬಾನೆಟ್ ಎತ್ತಿ ನೋಡಿದ. ಎಲ್ಲ ಸರಿಯಾಗಿತ್ತು. ಶಬ್ದ ಬರುತ್ತಿದ್ದದ್ದು ಸ್ಪೀಕರಿನಿಂದ. ಅದೇ ಮೊದಲನೇ ಹಾಡು.

ಎರಡನೆಯದರಲ್ಲಿ ಡ್ರಮ್ಮು ಬಂತು. ಸ್ಟೀಲಿನ ಕೊಡಪಾನ ಮೆಟ್ಟಿಲಿನಿಂದ ಉರುಳಿದ ಹಾಗಿತ್ತು. ಗಿಟಾರು ಒಂದು ಕಡೆ ಹೋದರೆ ಪಿಟೀಲು ಇನ್ನೊಂದು ಕಡೆ. ನಡುವೆ ಒಬ್ಬ ಗಂಡಸು ಏನೋ ಹಾಡುತ್ತಿದ್ದ. ಅದು ಅರಬ್ಬಿಯಲ್ಲ, ಇಂಗ್ಲಿಷಲ್ಲ, ಲೋಕನಾಥನ ಕಿವಿಗೆ ಬಿದ್ದಿದ್ದ ಯಾವ ಭಾಷೆಯೂ ಅಲ್ಲ. ಅವನು ಬಂದ್ ಮಾಡಿದ. ಆದರೆ ವಫ್ರಾದ ದಾರಿ ಉದ್ದ. ಎರಡೂ ಕಡೆ ಮರಳು, ಕರೆಂಟಿನ ದೊಡ್ಡ ಕಂಬಗಳು, ಆಗೊಮ್ಮೆ ಈಗೊಮ್ಮೆ ಒಂಟೆಗಳು. ಹತ್ತು ನಿಮಿಷ ಟೈರಿನ ಶಬ್ದ ಕೇಳಿ ಸಾಕಾಗಿ ಮತ್ತೆ ಗುಂಡಿ ಒತ್ತಿದ. ಮನುಷ್ಯರ ಗಲಾಟೆಯಾದರೂ ಇರಲಿ ಎಂದುಕೊಂಡ.

ಹೀಗೇ ವಾರಗಳು ಕಳೆದವು. ಯಾವುದು ಎಲ್ಲಿ ಬರುತ್ತದೆಂದು ಗೊತ್ತಾಗುತ್ತ ಹೋದ ಹಾಗೆ ಗಲಾಟೆ ಗಲಾಟೆಯಾಗಿ ಉಳಿಯಲಿಲ್ಲ. ಕೊಡಪಾನ ಉರುಳುವುದಕ್ಕೂ ಒಂದು ಲೆಕ್ಕವಿತ್ತು. ಐದನೆಯ ಹಾಡಂತೂ ಬಹಳ ಉದ್ದ. ಒಂದೇ ತಂತಿಯನ್ನು ಮೀಟಿ, ತಡೆದು, ಮತ್ತೆ ಮೀಟಿ, ಕೇಳುವವನ ತಾಳ್ಮೆ ಪರೀಕ್ಷೆ ಮಾಡುತ್ತಿತ್ತು. ಒಂದು ದಿನ ಮೋಡ ಕವಿದ ಬೆಳಿಗ್ಗೆ, ಆ ಮೀಟಿಗೆ ಸರಿಯಾಗಿ ಕರೆಂಟು ಕಂಬಗಳು ಒಂದೊಂದೇ ಹಿಂದೆ ಸರಿಯುತ್ತಿರುವುದನ್ನು ಅವನು ಕಂಡ. ಬೇಕೆಂದೇ ವೇಗ ಹೆಚ್ಚು ಕಡಿಮೆ ಮಾಡದೆ ಓಡಿಸಿದ. ಆಗ ದೂರದೂರ ಅಲೆಯುತ್ತಿದ್ದ ಡ್ರಮ್ಮು, ಗಿಟಾರು, ಪಿಟೀಲು, ಹಾಡುವವನ ದನಿ, ನಾಲ್ಕೂ ಒಮ್ಮೆಲೇ ಬಂದು ಕೂಡಿಕೊಂಡವು. ನಾಲ್ಕು ಊರಿಗೆ ಹೋಗಿದ್ದ ಅಣ್ಣತಮ್ಮಂದಿರು ಒಂದೇ ಹೊತ್ತಿಗೆ ಮನೆಯಂಗಳಕ್ಕೆ ಬಂದು ನಿಂತ ಹಾಗೆ. ಲೋಕನಾಥನ ಮೈ ಜುಮ್ಮೆಂದಿತು. ತಿರುಗಬೇಕಾಗಿದ್ದ ತೋಟದ ಗೇಟು ದಾಟಿ ಬಹಳ ಮುಂದೆ ಹೋಗಿಬಿಟ್ಟಿದ್ದ.

ಗೇಟಿನ ಬಳಿ ಕಾಯುತ್ತಿದ್ದವನು ಪುತ್ತಬ್ಬ, ಉಪ್ಪಿನಂಗಡಿಯ ಕಡೆಯವನು. ಸೌತೆ, ಟೊಮೆಟೊ ಬೆಳೆಯುವ ಹಸಿರುಮನೆಗಳ ಉಸ್ತುವಾರಿ ಅವನದು.

“ಎಂತ ಲೋಕನಾಥಣ್ಣ, ಗೇಟು ಕಾಣ್ಲಿಲ್ವಾ? ನಾನು ಕೈ ಬೀಸಿದ್ದು ಬೀಸಿದ್ದೇ.”

“ಹಾಡು ಮುಗೀಲಿಲ್ಲ ಪುತ್ತಬ್ಬ. ಬನ್ನಿ, ಕೂತ್ಕೊಳ್ಳಿ. ನೀವೂ ಒಮ್ಮೆ ಕೇಳಿ.”

ಪುತ್ತಬ್ಬ ಸೀಟಿನಲ್ಲಿ ಕೂತು, ತಲೆ ವಾಲಿಸಿ, ಗಂಭೀರವಾಗಿ ಸ್ವಲ್ಪ ಹೊತ್ತು ಕೇಳಿದ.

“ಬೇರಿಂಗ್ ಹೋಗಿದೆ,” ಎಂದ.

“ಇದು ಮೋಟರ್ ಅಲ್ಲ ಮಾರಾಯ, ಹಾಡು.”

“ಹಾಡಿನದ್ದೇ ಹೇಳಿದ್ದು ನಾನು.”

ಲೋಕನಾಥ ಯಾವುದೋ ಆಲ್ಬಮ್ಮನ್ನು ಒಬ್ಬರಿಗೆ ಕೇಳಿ ಎಂದು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಸೋತ ಸೇಲ್ಸ್‌ಮ್ಯಾನಿಗೆ ಹಟ ಹುಟ್ಟಿತು.

ಕಷ್ಟವೇನೆಂದರೆ ಆಲ್ಬಮ್ಮಿಗೆ ಹೆಸರಿರಲಿಲ್ಲ. ಸಿಡಿ ಒಳಗೆ, ಅದರ ಮುಖ ನೋಡಿದವರಿಲ್ಲ. ಶುವೈಖಿನಲ್ಲಿ ಗ್ಯಾರೇಜು ಇಟ್ಟಿದ್ದ ಕಾಸಿಂ ಕುಂಞಿಯವರ ಬಳಿ ಗಾಡಿ ತೆಗೆದುಕೊಂಡು ಹೋಗಿ, ಸಿಡಿ ತೆಗೆದುಕೊಡಿ ಎಂದ. ಬಿಳಿಗಡ್ಡದ ಕಾಸಿಂ ಕಾಕ ಟಾರ್ಚು ಬಿಟ್ಟು ಒಳಗೆ ಇಣುಕಿದರು.

“ಸೆಟ್ ಬಿಚ್ಚಬಹುದು. ಆದ್ರೆ ಸಿಡಿ ಉಳೀತದೆ ಅಂತ ನಾನು ಹೇಳುದಿಲ್ಲ. ಅದು ಹಲ್ಲು ಕಚ್ಚಿ ಹಿಡಿದ ಹಾಗೆ ಹಿಡ್ಕೊಂಡಿದೆ.”

“ಹಾಗಾದ್ರೆ ಬೇಡ,” ಎಂದು ಲೋಕನಾಥ ಕೈಯಿಂದ ಡ್ಯಾಶ್‌ಬೋರ್ಡನ್ನು ಮುಚ್ಚಿಯೇಬಿಟ್ಟ.

ಹಾಡು ಗುರುತು ಹಿಡಿಯುವ ಆ್ಯಪ್ ಇದೆಯೆಂದು ಯಾರೋ ಹೇಳಿದರು. ಫೋನನ್ನು ಸ್ಪೀಕರಿಗೆ ಹಿಡಿದ. ಅದು ಬಹಳ ಹೊತ್ತು ತಿರುಗಿ, ಗೊತ್ತಿಲ್ಲ ಎಂದಿತು. ತಾನೇ ಗುನುಗಿ ಕೇಳಿಸಿದ. ಅದು ಮಕ್ಕಳ ಹಾಡೊಂದರ ಹೆಸರು ಹೇಳಿತು. ಸ್ಯಾಮುವೆಲ್ ಮಾಸ್ಟ್ರಿಗೆ ಫೋನು ಮಾಡಿದ.

“ಯಾಕೆ, ಅದರಿಂದ ತೊಂದರೆ ಆಗ್ತಾ ಉಂಟಾ?” ಎಂದರು ಮಾಸ್ಟ್ರು.

“ತೊಂದರೆ ಎಂತ ಇಲ್ಲ. ಹೆಸರು ಬೇಕಿತ್ತು. ಯಾರ ಹಾಡು ಅದು?”

“ಬೆಲ್ ಆಯ್ತು, ಕ್ಲಾಸಿಗೆ ಹೋಗ್ಬೇಕು. ಆಮೇಲೆ ಹೇಳ್ತೇನೆ,” ಎಂದವರು ಆಮೇಲೆ ಫೋನು ಮಾಡಲೇ ಇಲ್ಲ. ಶಾಲೆಯ ಗಡಿಬಿಡಿ ಎಂದುಕೊಂಡು ಲೋಕನಾಥ ಸುಮ್ಮನಾದ.

ಹೆಸರಿಲ್ಲದಿದ್ದರೇನು, ಬಾಯಿ ಇತ್ತಲ್ಲ. ಊರವರ ಸಂಘದ ಪಿಕ್ನಿಕ್ಕಿನಲ್ಲಿ ಕೋಳಿಸುಕ್ಕದ ತಟ್ಟೆ ಹಿಡಿದು ನಿಂತವರನ್ನೆಲ್ಲ ಹಿಡಿದುಕೊಂಡ. “ಮೊದಲ ಸಲ ಕೇಳುವಾಗ ತಲೆನೋವು ಬರ್ತದೆ, ಅದು ನಾರ್ಮಲ್. ನಾಲ್ಕನೇ ಸಲಕ್ಕೆ ಸೆಟ್ ಆಗ್ತದೆ. ಆಮೇಲೆ ನೋಡಿ, ಎಷ್ಟು ವರ್ಷ ಕೇಳಿದ್ರೂ ಸವೆಯುದಿಲ್ಲ. ಗ್ಯಾರಂಟಿ ನನ್ನದು.” ಕೇಳಿದವರು ಹೌದಾ ಎಂದು ಉಪ್ಪಿನಕಾಯಿ ತರಲು ಹೋದವರು ತಿರುಗಿ ಬರಲಿಲ್ಲ. ಪಕ್ಕದ ಬಿಲ್ಡಿಂಗಿನ ಧನರಾಜ್ ಲೋಕನಾಥನ ಕಂಪೆನಿಯಲ್ಲೇ ಅಕೌಂಟ್ಸ್ ನೋಡುತ್ತಿದ್ದವ. ಇಬ್ಬರ ಮನೆಯೂ ಇದ್ದ ಮಂಗಫ್‌ನಿಂದ ಶುವೈಖಿಗೆ ದಿನಾ ಲೋಕನಾಥನ ಗಾಡಿಯಲ್ಲೇ ಬರುತ್ತಿದ್ದ. ಹದಿನೈದು ದಿನ ಹೇಗೋ ತಡೆದುಕೊಂಡ. ಒಂದು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಸಿಕ್ಕಿಬಿದ್ದು, “ಬಸ್ಸಲ್ಲಿ ಬಂದ್ರೆ ಸ್ವಲ್ಪ ನಡೆದ ಹಾಗೂ ಆಗ್ತದೆ, ಡಾಕ್ಟ್ರು ಹೇಳಿದ್ದಾರೆ,” ಎಂದ. ಅವನಿಗೆ ಯಾವ ಡಾಕ್ಟ್ರೂ ಏನೂ ಹೇಳಿರಲಿಲ್ಲವೆಂದು ರಾಜೀವಿಗೆ ಗೊತ್ತಿತ್ತು. ಅವಳು ಫಹಾಹೀಲಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿನಲ್ಲಿದ್ದಳು. ಊರವರ ಆರೋಗ್ಯದ ಸುದ್ದಿ ಅವಳನ್ನು ದಾಟಿ ಹೋಗುತ್ತಿರಲಿಲ್ಲ.

“ನೀವು ಆ ಸಿಡಿಯ ಸುದ್ದಿ ಬಿಡಿ,” ಎಂದಳು. “ಮೊನ್ನೆ ಒಬ್ರು ಬಾಯಿ ತೆರೆದು ಕೂತು ಕೇಳಿದ್ರು, ನಿಮ್ಮ ಗಂಡನಿಗೆ ಎಂತಾಗಿದೆ ಅಂತ.”

“ನೀನೊಮ್ಮೆ ಪೂರ್ತಿ ಕೇಳಿದ್ದರೆ ಹೀಗೆ ಹೇಳ್ತಿರಲಿಲ್ಲ.”

“ಅರ್ಧ ಕೇಳಿದ್ದೇನಲ್ಲ, ಅದಕ್ಕೇ ಹೇಳುದು.”

ಮಗಳು ಅಪೇಕ್ಷಾ ಹನ್ನೊಂದನೇ ಕ್ಲಾಸು. ಟ್ಯೂಷನ್ನಿಗೆ ಬಿಡುವಾಗಲೆಲ್ಲ ಕಿವಿಗೆ ತನ್ನ ಇಯರ್‌ಫೋನ್ ತುರುಕಿಕೊಂಡು ಕೂರುತ್ತಿದ್ದಳು. ಒಂದು ಸಂಜೆ ಅದರ ಚಾರ್ಜು ಮುಗಿದಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮೂರು ಹಾಡು ಕೇಳಬೇಕಾಯಿತು. ಟ್ಯೂಷನ್ ಕ್ಲಾಸು ಬಂದರೂ ಅವಳು ಇಳಿಯಲಿಲ್ಲ.

“ಅಪ್ಪಾ, ಹೂ ಈಸ್ ದಿಸ್?”

“ಅದೇ ಗೊತ್ತಿಲ್ಲ ಮಗಾ.”

“ಇದು ಎಕ್ಸ್‌ಪೆರಿಮೆಂಟಲ್ ಇಂಡೀ ರಾಕ್. ಇಟ್ಸ್ ಆಕ್ಚುವಲಿ ಗುಡ್.”

“ಅಂದ್ರೆ ಎಂತದು?”

ಅವಳು ಸ್ವಲ್ಪ ಯೋಚಿಸಿ, ಅಪ್ಪನಿಗೆ ತಿಳಿಯಲೆಂದು ಕನ್ನಡ ಹುಡುಕಿದಳು. “ದೊಡ್ಡ ಕಂಪೆನಿ ಇಲ್ಲ. ಅವರೇ ದುಡ್ಡು ಹಾಕಿ, ಅವರಿಗೆ ಬೇಕಾದ ಹಾಗೆ ಮಾಡುದು. ಹೀಗೇ ಇರ್ಬೇಕು ಅಂತ ರೂಲ್ ಇಲ್ಲ. ಮಿಕ್ಸಿಯಾ, ಫ್ಯಾನಾ, ಎನಿಥಿಂಗ್. ಕೆಲವು ಸಲ ಪೂರ್ತಿ ಹಾಳಾಗ್ತದೆ. ಕೆಲವು ಸಲ ಹೀಗೆ.”

ಲೋಕನಾಥನಿಗೆ ಹೇಳತೀರದ ಸಂತೋಷ. ಅವನು ಕೂಡಲೇ ಐದನೇ ಹಾಡಿನ ಬಗ್ಗೆ, ಕಂಬಗಳ ಬಗ್ಗೆ, ಅಣ್ಣತಮ್ಮಂದಿರ ಬಗ್ಗೆ ಶುರುಮಾಡಿದ. ಅಪೇಕ್ಷಾ ಕೈ ಎತ್ತಿ ತಡೆದಳು.

“ಅಪ್ಪಾ, ಸ್ಟಾಪ್. ಯು ಆರ್ ಸೆಲಿಂಗ್ ಇಟ್. ನೀವು ಪಂಪ್ ತರ ಹೇಳ್ತೀರಿ, ಅದಕ್ಕೇ ಎಲ್ಲ ಓಡುದು. ಪಂಪ್ ಬೇಕಾದವನು ತಾನೇ ಬರ್ತಾನೆ. ಇದು ಬೇಕು ಅಂತ ಯಾರಿಗೂ ಗೊತ್ತೇ ಇಲ್ಲ.”

“ಮತ್ತೆಂತ ಮಾಡುದು?”

“ವಿಚಿತ್ರ ಉಂಟು, ಕೇಳ್ತೀರಾ ಅಂತ ಕೇಳಿ. ಬೇಡ ಅಂದ್ರೆ ಬಿಡಿ. ಕ್ಯೂರಿಯಸ್ ಇದ್ದವರು ಸಾಕು. ಮತ್ತೆ ಹಾಡು ಹೋಗುವಾಗ ನೀವು ಮಾತಾಡ್ಬಾರ್ದು. ಪ್ರಾಮಿಸ್?”

ಮಾತಾಡದೆ ಏನನ್ನಾದರೂ ಮಾರಿದ್ದು ಲೋಕನಾಥನಿಗೆ ನೆನಪಿರಲಿಲ್ಲ. ಆದರೂ ಪ್ರಾಮಿಸ್ ಕೊಟ್ಟ. ಅಪ್ಪ ಮಗಳು ಸೇರಿ ಸಂಘದ ವಾಟ್ಸ್ಯಾಪ್ ಗುಂಪಿಗೆ ಒಂದು ಸಂದೇಶ ಬರೆದರು. ಅಪ್ಪ ಬರೆದದ್ದರಲ್ಲಿ ಮುಕ್ಕಾಲು ಭಾಗವನ್ನು ಮಗಳು ಅಳಿಸಿದಳು. ಉಳಿದದ್ದು ಇಷ್ಟು:

‘ಈ ಶುಕ್ರವಾರ ಬೆಳಿಗ್ಗೆ ಅಬು ಹಲೀಫಾದ ಕಡಲ ಬದಿಯ ಪಾರ್ಕಿಂಗಿನಲ್ಲಿ, ನನ್ನ ಗಾಡಿಯಲ್ಲಿ ಕೂತು ಒಂದು ಆಲ್ಬಮ್ ಕೇಳುವುದು ಉಂಟು. ಆಲ್ಬಮ್ಮಿನ ಹೆಸರು ಗೊತ್ತಿಲ್ಲ. ಭಾಷೆಯೂ ಗೊತ್ತಿಲ್ಲ. ಮೊದಲನೇ ಹಾಡು ಹಾಳಾದ ಏಸಿಯ ಹಾಗೆ ಕೇಳಿಸುತ್ತದೆ, ಹೆದರಬೇಡಿ. ನಿಮಗೆ ಇಷ್ಟವಾಗದೆ ಇರಬಹುದು. ಕುತೂಹಲ ಇದ್ದವರು ಮಾತ್ರ ಬನ್ನಿ. ಚಹಾ ಉಂಟು.’

ಗುಂಪಿನಲ್ಲಿ ನಾಲ್ಕಾರು ನಗುಮುಖಗಳು ಬಂದವು. ಯಾರೋ ಒಂದು ಶುಭೋದಯದ ಗುಲಾಬಿ ಹಾಕಿದರು. ರಾಜೀವಿ, ‘ಚಹಾ ಮಾಡುವುದು ಯಾರು?’ ಎಂದು ಎಲ್ಲರೆದುರೇ ಕೇಳಿದಳು. ಲೋಕನಾಥ ಅದೇ ಸಂದೇಶವನ್ನು ಸ್ಯಾಮುವೆಲ್ ಮಾಸ್ಟ್ರಿಗೂ ಕಳಿಸಿದ, ಹೆಸರು ನೆನಪಾದರೆ ಹೇಳಿ ಎಂದು ಕೆಳಗೆ ಬರೆದ. ಗುರುವಾರ ಮಧ್ಯಾಹ್ನ ಅವರ ಫೋನು ಬಂತು.

“ನಾಳೆ ನಾನೂ ಬರಬಹುದಾ?”

“ಬನ್ನಿ ಮಾಸ್ಟ್ರೇ, ಗಾಡಿ ನಿಮ್ಮದೇ ಅಲ್ವಾ.”

ನವೆಂಬರಿನ ಶುಕ್ರವಾರ. ಸೆಕೆ ಪೂರ್ತಿ ಇಳಿದು, ಗಾಡಿಯ ಬಾಗಿಲು ತೆರೆದಿಟ್ಟು ಕೂರಬಹುದಾದ ಗಾಳಿ ಬೀಸುತ್ತಿತ್ತು. ಯಾರೂ ಬರಲಿಕ್ಕಿಲ್ಲ ಎಂದೇ ಲೋಕನಾಥ ಅಂದುಕೊಂಡಿದ್ದ. ಮೊದಲು ಬಂದವನು ಪುತ್ತಬ್ಬ. ಫಹಾಹೀಲಿಗೆ ತರಕಾರಿ ತರುವ ತೋಟದ ಪಿಕಪ್ಪಿನಲ್ಲಿ ಕೂತು, ಒಂದು ಚೀಲ ಸೌತೆಕಾಯಿ ಹಿಡಿದುಕೊಂಡು ಬಂದಿದ್ದ. ಆ ಬೇರಿಂಗ್ ಹೋದ ಹಾಡು ತಲೆಯಲ್ಲಿ ಕೂತುಬಿಟ್ಟಿದೆ, ಏಳುತ್ತಲೇ ಇಲ್ಲ ಎಂದು ದೂರು ಹೇಳಿದ. ಕಾಸಿಂ ಕಾಕ ಬಂದದ್ದು ಹಾಡಿಗಲ್ಲ, ಸೆಟ್ಟಿನ ಮೇಲಿನ ಕುತೂಹಲಕ್ಕೆ. ಮೇಲಿನ ಮಹಡಿಯ ನರ್ಸ್ ಅಮಿತಾ ರಾತ್ರಿಪಾಳಿ ಮುಗಿಸಿ ಬರುವ ದಾರಿಯಲ್ಲಿ ಚಹಾದ ಆಸೆಗೆ ನಿಂತಿದ್ದಳು. ಕೊನೆಗೆ ಸ್ಯಾಮುವೆಲ್ ಮಾಸ್ಟ್ರು ಬಂದು, ಯಾರ ಜತೆಗೂ ಹೆಚ್ಚು ಮಾತಾಡದೆ ಹಿಂದಿನ ಸೀಟಿನ ಮೂಲೆಯಲ್ಲಿ ಕೂತರು. ರಾಜೀವಿ ಫ್ಲಾಸ್ಕು, ಗೋಳಿಬಜೆಯ ಡಬ್ಬಿ ಹಿಡಿದು ಹೊರಗೆ ಕಲ್ಲುಬೆಂಚಿನ ಮೇಲೆ ಕೂತಳು. ಒಳಗೆ ಬರುವುದಿಲ್ಲವೆಂದು ಮೊದಲೇ ಹೇಳಿದ್ದಳು.

ಅಪೇಕ್ಷಾ ಗುಂಡಿ ಒತ್ತಿದಳು. ಘೂಂ ಎಂಬ ಶಬ್ದ ಶುರುವಾಯಿತು. ಕಾಸಿಂ ಕಾಕನ ಕಣ್ಣು ತಾನಾಗಿ ಬಾನೆಟ್ಟಿನ ಕಡೆ ಹೋಯಿತು.

ಎರಡನೇ ಹಾಡಿನವರೆಗೆ ಲೋಕನಾಥ ಮಾತು ಉಳಿಸಿಕೊಂಡ. ಆಮೇಲೆ ತಡೆಯಲಾಗಲಿಲ್ಲ. “ಇದರಲ್ಲಿ ಒಬ್ಬನಿಗೆ ಬಸ್ಸು ತಪ್ಪಿಹೋಗಿದೆ,” ಎಂದ ಮೆಲ್ಲಗೆ. “ಕೇಳಿ, ಡ್ರಮ್ಮು ಓಡುವುದು ಅವನೇ. ಪಿಟೀಲು ಬಸ್ಸು. ಅದು ನಿಲ್ಲುದೇ ಇಲ್ಲ. ಅವನು ಕೂಗ್ತಾನೆ, ಕೂಗ್ತಾನೆ...” ಅಪೇಕ್ಷಾ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟಳು. ಹಿಂದಿನ ಸೀಟಿನಲ್ಲಿ ಸ್ಯಾಮುವೆಲ್ ಮಾಸ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮೂರನೇ ಹಾಡು ಬಂತು. ಪಿಟೀಲಿನ ಹಿಂದೆ ಎಲ್ಲೋ ದೂರದಿಂದ ಕೊಯ್ಯುವಂಥ ಒಂದು ದನಿ ಏಳುತ್ತ ಬೀಳುತ್ತ ಇತ್ತು. ಅಮಿತಾ ಅಷ್ಟರಲ್ಲಿ ನಿದ್ರೆ ಹೋಗಿದ್ದಳು. ಕಾಸಿಂ ಕಾಕ ಚಹಾದ ಲೋಟ ಕೆಳಗಿಟ್ಟರು.

“ಇದು ಕಬ್ಬಿಣ ಕಡೆಯುವ ಲೇತ್,” ಎಂದರು. “ನಮ್ಮ ಶುವೈಖಿನಲ್ಲಿ ದಿನಾ ಕೇಳುದು ಇದನ್ನೇ.”

“ಹೌದು,” ಎಂದರು ಸ್ಯಾಮುವೆಲ್ ಮಾಸ್ಟ್ರು. “ನಮ್ಮ ಗೋಡೆಯ ಆಚೆ ಇತ್ತು.”

ಲೋಕನಾಥ ಹಿಂದಕ್ಕೆ ತಿರುಗಿದ. “ನಮ್ಮ ಅಂದ್ರೆ?”

“ಮುಗೀಲಿ,” ಎಂದರು ಮಾಸ್ಟ್ರು. “ನಿಲ್ಲಿಸ್ಬೇಡಿ. ಮುಗಿದ ಮೇಲೆ ಹೇಳ್ತೇನೆ.”

ಲೋಕನಾಥನಿಗೆ ಅರ್ಥವಾಯಿತು. ಸ್ಟೀರಿಂಗಿನ ಕಡೆ ತಿರುಗಿ ನೆಟ್ಟಗೆ ಕೂತ. ನಾಲ್ಕು, ಐದು, ಆರು, ಏಳು, ಎಲ್ಲವನ್ನೂ ಅವರು ಹಾಗೇ ಕೂತು ಕೇಳಿದರು. ಐದನೇ ಹಾಡಿನಲ್ಲಿ ನಾಲ್ಕೂ ಕೂಡಿಕೊಳ್ಳುವ ಜಾಗ ಬಂದಾಗ ಪುತ್ತಬ್ಬ ತನಗೆ ತಿಳಿಯದ ಹಾಗೆ ತಲೆ ತೂಗಿದ. ಲೋಕನಾಥ ಕನ್ನಡಿಯಲ್ಲಿ ನೋಡಿದ. ಸ್ಯಾಮುವೆಲ್ ಮಾಸ್ಟ್ರು ಕಣ್ಣು ಮುಚ್ಚಿದ್ದರು, ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ಆಡುತ್ತಿದ್ದವು.

ಕೊನೆಯ ಹಾಡು ಮಾತಿನ ನಡುವೆ ಎದ್ದು ಹೋದವರ ಹಾಗೆ ತಟ್ಟನೆ ನಿಂತಿತು. ಕಡಲಿನ ಶಬ್ದ ಕೇಳಿಸತೊಡಗಿತು.

“ಹನ್ನೆರಡು ವರ್ಷ ಆಯ್ತು,” ಎಂದರು ಮಾಸ್ಟ್ರು. “ನಾವು ನಾಲ್ಕು ಜನ. ಡ್ರಮ್ಮಿನವ ಫಿಲಿಪೈನ್ಸಿನವ, ಹೋಟೆಲಲ್ಲಿದ್ದ. ಗಿಟಾರು ಗೋವಾದವ. ಪಿಟೀಲು ಈಜಿಪ್ಟಿನ ಒಬ್ಬ ಇಂಜಿನಿಯರು. ಹಾಡಿದ್ದು ನಾನು. ಶುವೈಖಿನ ಒಂದು ಗೋಡೌನಿನಲ್ಲಿ ಶುಕ್ರವಾರ ಶುಕ್ರವಾರ ಸೇರುದು. ನಾಲ್ಕು ಜನಕ್ಕೆ ನಾಲ್ಕು ಭಾಷೆ. ಯಾವುದರಲ್ಲಿ ಹಾಡುದು ಅಂತ ಜಗಳ ಆಗಿ, ಕಡೆಗೆ ಯಾರದ್ದೂ ಅಲ್ಲದ ಮಾತು ಮಾಡಿಕೊಂಡೆವು.”

“ನೇಮ್ ಏನು ಅಂಕಲ್?” ಅಪೇಕ್ಷಾ ಕೇಳಿದಳು.

“ಗೋಡೌನಿನ ಶಟರಿನ ಮೇಲೆ ನೋ ಪಾರ್ಕಿಂಗ್ ಅಂತ ಬರೆದಿತ್ತು. ಆಲ್ಬಮ್ಮಿಗೂ ಅದೇ ಹೆಸರಿಟ್ಟೆವು. ಸ್ವಲ್ಪ ಕಾಪಿ ಮಾಡಿಸಿ ಗೊತ್ತಿದ್ದವರಿಗೆಲ್ಲ ಕೊಟ್ಟದ್ದು. ಒಬ್ಬರೂ ಒಂದು ಮಾತು ಹೇಳ್ಲಿಲ್ಲ. ನಮ್ಮ ಸ್ಕೂಲಿನ ಒಬ್ಬ ಟೀಚರು ವಾಪಸು ತಂದುಕೊಟ್ಟು, ಸಿಡಿ ಡಿಫೆಕ್ಟ್ ಉಂಟು, ಬೇರೆ ಕೊಡಿ ಅಂದ್ರು.” ಮಾಸ್ಟ್ರು ನಕ್ಕರು. ಅಲ್ಲಿದ್ದವರು ಅವರು ನಕ್ಕಿದ್ದನ್ನು ಮೊದಲ ಸಲ ನೋಡಿದ್ದು. “ಆಮೇಲೆ ಒಬ್ಬೊಬ್ಬರಾಗಿ ಕುವೈತು ಬಿಟ್ಟರು. ಖಲಾಸ್. ನಾನು ಮಕ್ಕಳಿಗೆ ಸರಿಗಮ ಹೇಳಿಕೊಡ್ಲಿಕ್ಕೆ ಹೋದೆ.”

“ಅಲ್ಲ ಮಾಸ್ಟ್ರೇ,” ಲೋಕನಾಥ ಮತ್ತೆ ಹಿಂದಕ್ಕೆ ತಿರುಗಿದ, “ಗಾಡಿ ಕೊಡುವಾಗಲೇ ಒಂದು ಮಾತು ಹೇಳ್ಬಾರ್ದಿತ್ತಾ? ನಾನು ಫೋನು ಮಾಡಿ ಕೇಳಿದೆನಲ್ಲ?”

“ಹೇಗೆ ಹೇಳುದು? ಒಳಗೆ ನನ್ನದೇ ಹಾಡು ಸಿಕ್ಕಿಕೊಂಡಿದೆ ಅಂದಿದ್ರೆ ನೀವು ಗಾಡಿಯನ್ನೂ ವಾಪಸು ತಂದುಕೊಡ್ತಿದ್ರಿ. ಫೋನು ಮಾಡಿದಾಗ ಬೈಲಿಕ್ಕೆ ಮಾಡಿದ್ದು ಅಂದುಕೊಂಡೆ. ಈ ಮೆಸೇಜು ನೋಡಿದ ಮೇಲೆ ನಂಬಿಕೆ ಬಂತು. ಕುತೂಹಲ ಇದ್ದವರು ಬನ್ನಿ ಅಂತ ಬರೆದಿದ್ರಲ್ಲ, ನನಗೇ ಕುತೂಹಲ ಆಯ್ತು.” ಅವರು ಸೇರಿಸಿದರು, “ಇದನ್ನು ಬೇರೆಯವರು ಪೂರ್ತಿ ಕೇಳುದನ್ನು ನಾನು ನೋಡಿದ್ದು ಇವತ್ತೇ.”

“ಪೂರ್ತಿ ಅಂತ ಹೇಳ್ಬೇಡಿ,” ಎಂದ ಪುತ್ತಬ್ಬ. “ಈ ಸಿಸ್ಟರ್ ಅರ್ಧದಲ್ಲೇ ನಿದ್ರೆ ಹೋದ್ರು.”

ಅಮಿತಾ ಕಣ್ಣುಜ್ಜಿಕೊಂಡಳು. “ಮೂರು ದಿನದಿಂದ ಹಗಲು ನಿದ್ರೆ ಬಾರದೆ ಒದ್ದಾಡ್ತಾ ಇದ್ದೆ ಮಾರಾಯ್ರೆ. ಇದರ ಒಂದು ಕಾಪಿ ನನಗೆ ಬೇಕು.”

ಎಲ್ಲರೂ ನಕ್ಕರು. ಮಾಸ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಲೋಕನಾಥನಿಗೆ ಮಾತ್ರ ಒಂದು ಮುಜುಗರ ಉಳಿದಿತ್ತು.

“ಆ ಎರಡನೇ ಹಾಡು, ಬಸ್ಸು ತಪ್ಪಿದ್ದು, ನಾನು ಹೇಳಿದ್ದು ಸರಿ ಉಂಟಾ?”

“ಅದು ಗೋಡೌನಿಗೆ ಬರ್ತಿದ್ದ ಒಂದು ಬೆಕ್ಕಿನ ಮೇಲೆ ಮಾಡಿದ್ದು,” ಎಂದರು ಮಾಸ್ಟ್ರು. ಲೋಕನಾಥನ ಮುಖ ನೋಡಿ, “ಆದ್ರೆ ಬಸ್ಸೇ ಚೆನ್ನಾಗುಂಟು. ಇನ್ನು ಯಾರಾದ್ರೂ ಕೇಳಿದ್ರೆ ನಾನೂ ಬಸ್ಸು ಅಂತಲೇ ಹೇಳುದು,” ಎಂದರು.

ಮುಂದಿನ ಕೆಲಸವನ್ನು ಅಪೇಕ್ಷಾ ಹಚ್ಚಿಕೊಂಡಳು. ಮಾಸ್ಟ್ರ ಮನೆಯಲ್ಲಿ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಹಾಡುಗಳು ಉಳಿದಿದ್ದವು. ಉಳಿದ ಮೂವರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿ, ಒಪ್ಪಿಗೆ ಪಡೆದು, ಆಲ್ಬಮ್ಮನ್ನು ಇಂಟರ್‌ನೆಟ್ಟಿಗೆ ಹಾಕಿದರು. ಡ್ರಮ್ಮಿನವನು ಈಗ ತನ್ನೂರಿನಲ್ಲಿ ಬೇಕರಿ ಇಟ್ಟಿದ್ದ. ವಿಡಿಯೋ ಕಾಲಿನಲ್ಲಿ ಲೋಕನಾಥನನ್ನು ನೋಡಿ, ಇವರೇನಾ ನಮ್ಮ ಅಭಿಮಾನಿ ಎಂದು ಹಿಟ್ಟಿನ ಕೈಯಲ್ಲೇ ಸಲಾಮು ಹೊಡೆದ. ಕೇಳುವವರು ಸಾವಿರಾರು ಜನವೇನೂ ಆಗಲಿಲ್ಲ. ಹತ್ತಿಪ್ಪತ್ತು ಜನ ಕೇಳಿದರು, ಅವರಲ್ಲಿ ಕೆಲವರು ಇನ್ನೊಬ್ಬರಿಗೆ ಹೇಳಿದರು. ಸಾಲ್ಮಿಯಾದ ಒಬ್ಬ ಕುವೈತಿ ಹುಡುಗಿ, ಇದು ನಮ್ಮ ಶುವೈಖಿನಲ್ಲಿ ಆದದ್ದಾ ಎಂದು ಬರೆದು ಕೇಳಿದಳು. ಸ್ಯಾಮುವೆಲ್ ಮಾಸ್ಟ್ರು ಶಾಲೆಯ ದೊಡ್ಡ ಮಕ್ಕಳ ಕ್ಲಾಸಿನಲ್ಲಿ ಒಂದು ದಿನ ಲೇತಿನ ಹಾಡು ಹಾಕಿದರಂತೆ. ಅರ್ಧ ಕ್ಲಾಸು ಕಿವಿ ಮುಚ್ಚಿಕೊಂಡಿತು, ಇಬ್ಬರು ಹುಡುಗರು ಮರುದಿನ ಒಂದು ಹಾಳು ಮಿಕ್ಸಿ ಹಿಡಿದುಕೊಂಡು ಬಂದರು.

ಲೋಕನಾಥನ ಮಾತು ಪೂರ್ತಿ ಕಡಿಮೆಯಾಯಿತೆಂದರೆ ಸುಳ್ಳಾಗುತ್ತದೆ. ಆದರೆ ಕೇಳಿ ಎನ್ನುವುದಕ್ಕೆ ಮೊದಲು ಎದುರಿನವರನ್ನು ಒಮ್ಮೆ ನೋಡುವುದನ್ನು ಕಲಿತ. ಅವಸರದವರಿಗೆ ಎರಡನೆಯದು, ದೂರ ಹೋಗುವವರಿಗೆ ಐದನೆಯದು, ನಿದ್ರೆ ಬಾರದವರಿಗೆ ಮೊದಲನೆಯದು. ಶುಐಬಾದ ಒಂದು ಕಾರ್ಖಾನೆಗೆ ಪಂಪು ತೋರಿಸಲು ಹೋದಾಗ ಅಲ್ಲಿನ ಇಂಜಿನಿಯರ್, ನಿಮ್ಮ ಗಾಡಿಯಲ್ಲಿ ಅದೇನು ಶಬ್ದ ಎಂದು ಕೇಳಿದ. “ವಿಚಿತ್ರ ಉಂಟು. ನಿಮಗೆ ಇಷ್ಟವಾಗದೆ ಇರಬಹುದು,” ಎಂದು ಹೇಳಿ ಲೋಕನಾಥ ಬಾಯಿ ಮುಚ್ಚಿದ. ಇಂಜಿನಿಯರ್ ಗಾಡಿ ಹತ್ತಿ ಕೂತ.

ರಾಜೀವಿ ಮಾತ್ರ ಬದಲಾಗಲಿಲ್ಲ. ಕ್ಲಿನಿಕ್ಕಿಗೆ ಬರುವ ಊರಿನ ಹೆಂಗಸರು, ನಿಮ್ಮವರು ಹೇಳುವ ಆ ಆಲ್ಬಮ್ ಹೇಗುಂಟು ಎಂದು ಕೇಳಿದರೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. “ಕೇಳ್ಲಿಕ್ಕೇ ಹೋಗ್ಬೇಡಿ. ಹಾಳಾದ ಫ್ಯಾನು, ಲೇತು, ಕೊಡಪಾನ. ನನ್ನಿಂದ ಮೂರು ಹಾಡಿಗಿಂತ ಹೆಚ್ಚು ಆಗ್ಲೇ ಇಲ್ಲ.”

“ಅಷ್ಟು ಕೆಟ್ಟದುಂಟಾ?”

“ಅಷ್ಟಲ್ಲ, ಅದಕ್ಕಿಂತ ಹೆಚ್ಚು.”

ಅವರು ಮನೆಗೆ ಹೋದವರೇ ಹುಡುಕಿ ಕೇಳುತ್ತಿದ್ದರು. ಧನರಾಜನ ಹೆಂಡತಿ ಹಾಗೇ ಕೇಳಿ, ಗಂಡನಿಗೂ ಕೇಳಿಸಿ, ಅವನು ಮತ್ತೆ ಬೆಳಿಗ್ಗೆ ಲೋಕನಾಥನ ಗಾಡಿ ಹತ್ತುವ ಹಾಗಾಯಿತು. ಒಂದು ತಿಂಗಳಲ್ಲಿ ಅಪ್ಪ ಹೊಗಳಿ ಕೇಳಿಸಿದವರಿಗಿಂತ ಅಮ್ಮ ಬೈದು ಕೇಳಿಸಿದವರೇ ಹೆಚ್ಚೆಂದು ಅಪೇಕ್ಷಾ ಊಟದ ಮೇಜಿನಲ್ಲಿ ಘೋಷಿಸಿದಳು. ಲೋಕನಾಥ ಕೈಯಲ್ಲಿ ತುತ್ತು ಹಿಡಿದೇ ಹೆಂಡತಿಯನ್ನು ನೋಡಿದ. ಇಪ್ಪತ್ತು ವರ್ಷ ಪಂಪು ಮಾರಿದವನಿಗೆ ಹೀಗೊಂದು ದಾರಿಯುಂಟೆಂದು ಹೊಳೆದೇ ಇರಲಿಲ್ಲ.

“ಹಾಗಾದ್ರೆ ಮಾಸ್ಟ್ರಿಗೆ ಹೇಳಿ,” ಎಂದಳು ರಾಜೀವಿ, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತಾ. “ಮುಂದಿನದು ಮಾಡುವಾಗ ಇನ್ನೂ ಸ್ವಲ್ಪ ಹಾಳು ಮಾಡ್ಲಿ. ನನಗೆ ಬೈಲಿಕ್ಕೆ ಸುಲಭ ಆಗ್ತದೆ.”